‘ಸಮೃದ್ಧಿ’ ಎಂದು ಬರೆದವರಿಗೆ

ಕಡಲ ಮುನ್ಸೂಚನಾ ಕಚೇರಿಯ ಮುಖ್ಯಸ್ಥರಿಗೆ,

ಇಂಥ ಪತ್ರವನ್ನು ‘ಮಾನ್ಯರೇ’ ಎಂದು ಆರಂಭಿಸಬೇಕೆಂದು ಪತ್ರಿಕೆಯವರು ಹೇಳಿದ್ದಾರೆ. ಆಗಲಿ. ಮಾನ್ಯರೇ, ನಿನ್ನೆ ನಿಮ್ಮ ಕಚೇರಿಯ ಸ್ವಾಗತ ಕೋಣೆಯ ಗಾಜನ್ನು ಪುಡಿಗಟ್ಟಿದವಳು ನಾನು. ‘ಅಪರಿಚಿತ ಕಿಡಿಗೇಡಿಗಳು’ ಎಂದು ಪೊಲೀಸರಿಗೆ ದೂರು ಕೊಟ್ಟಿದ್ದೀರಂತೆ. ಬಹುವಚನದ ಮರ್ಯಾದೆಗೆ ಕೃತಜ್ಞತೆಗಳು, ಆದರೆ ನಾನೊಬ್ಬಳೇ ಇದ್ದೆ. ಅಪರಿಚಿತಳಂತೂ ಅಲ್ಲ, ಬಾಗಿಲಲ್ಲಿ ನನ್ನ ಹೆಸರು, ಮನೆ, ಕೆಲಸ ಎಲ್ಲ ಬರೆಸಿಕೊಂಡೇ ಒಳಗೆ ಬಿಟ್ಟರು. ಬಂದರಿನ ಐಸ್ ಕಾರ್ಖಾನೆಯಲ್ಲಿ ಐಸ್ ಒಡೆಯುವವಳು ನಾನು. ಒಡೆಯುವುದು ನನ್ನ ಕಸುಬು. ಆ ಗಾಜಿನ ಹಿಂದೆ ನೀವು ಅಂಟಿಸಿದ್ದ ಪ್ರಕಟಣೆಯಲ್ಲಿ ಹೀಗಿತ್ತು: ಇನ್ನೆರಡು ದಿನ ಗಾಳಿ ಜೋರು, ದೋಣಿ ಇಳಿಸಬೇಡಿ, ಆಮೇಲೆ ದಡದ ಹತ್ತಿರ ಮೀನು ‘ಸಮೃದ್ಧಿ’. ಹೋದ ವರ್ಷ ಆ ಪದವೇ ನನ್ನ ಗಂಡನನ್ನು ತಿಂದುಹಾಕಿತು. ಅದನ್ನು ಕಿತ್ತುಹಾಕಿ ಎಂದು ಕೇಳಲು ಬಂದಿದ್ದೆ. ಕೂತುಕೊಳ್ಳಿ ಎಂದರು, ಕೂತೆ. ಇವತ್ತು ಆಗುವುದಿಲ್ಲ, ಮುಂದಿನ ವಾರ ಬನ್ನಿ ಎಂದರು, ಎದ್ದೆ. ಎದ್ದಮೇಲೆ ಕೈಗೆ ಸಿಕ್ಕಿದ್ದು ಕಾಗದ ಹಾರದಂತೆ ನಿಮ್ಮ ಮೇಜಿನ ಮೇಲೆ ಇಟ್ಟಿದ್ದ ಕಲ್ಲು.

ನಿಮ್ಮ ಪ್ರಕಟಣೆ ಎಂದರೇನೆಂದು ಓದುಗರಿಗೆ ಹೇಳಿಬಿಡುತ್ತೇನೆ. ಪ್ರತಿದಿನ ಬೆಳಗ್ಗೆ ಬಂದರಿನ ಫಲಕದ ಮೇಲೂ ನಮ್ಮೆಲ್ಲರ ಮೊಬೈಲಿಗೂ ಬರುವ ನಾಲ್ಕಾರು ಸಾಲು ಅದು. ಗಾಳಿ ಹೇಗಿದೆ, ಅಲೆ ಹೇಗಿದೆ, ಕೊನೆಗೆ ದಡದ ಹತ್ತಿರ ಮೀನು ಹೇಗಿದೆ. ಮೀನಿನ ವಿಷಯಕ್ಕೆ ನಿಮ್ಮ ನಿಘಂಟಿನಲ್ಲಿ ಮೂರೇ ಪದ: ಕಡಿಮೆ, ಸಾಧಾರಣ, ಸಮೃದ್ಧಿ. ಮೀನು ಎಷ್ಟಿದೆ ಎಂದು ಹೇಳುತ್ತೀರಿ, ಏಕೆ ಬಂದಿದೆ ಎಂದು ಹೇಳುವುದಿಲ್ಲ. ಮನೆಗೆ ನೆಂಟರು ಬಂದು ತುಂಬಿಕೊಂಡರೂ ಜನ ಹೆಚ್ಚು, ಪಕ್ಕದ ಮನೆಗೆ ಬೆಂಕಿ ಬಿದ್ದು ಓಡಿಬಂದು ತುಂಬಿಕೊಂಡರೂ ಜನ ಹೆಚ್ಚು. ನಿಮ್ಮ ಕಚೇರಿಗೆ ಎರಡೂ ಒಂದೇ ಲೆಕ್ಕ.

ಹೋದ ವರ್ಷ ಆ ಪದ ಫಲಕಕ್ಕೆ ಬಿದ್ದ ದಿನ ಐಸ್ ಕಾರ್ಖಾನೆಯ ಮುಂದೆ ದೋಣಿಗಳು ಸಾಲುಗಟ್ಟಿದವು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ನೀವು ‘ಕಡಿಮೆ’ ಎಂದೇ ಬರೆದಿದ್ದಿರಿ, ಅದು ನಿಜವೂ ಆಗಿತ್ತು, ಬಂದರಿಡೀ ಹಸಿದಿತ್ತು. ಸಾಲಿನಲ್ಲಿ ನನ್ನ ಗಂಡನ ದೋಣಿ ಮುಂದೆ, ನನ್ನ ಅಣ್ಣನ ದೋಣಿ ಅದರ ಹಿಂದೆ. ನನ್ನ ಗಂಡನನ್ನು ಎಲ್ಲರೂ ‘ಡಂಗುರ’ ಎಂದು ಕರೆಯುತ್ತಿದ್ದರು, ಅವನು ಗುಟ್ಟು ಹೇಳಿದರೂ ಆಚೆ ದಡಕ್ಕೆ ಕೇಳುತ್ತಿತ್ತು. ಅಣ್ಣನೋ, ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಜಾತಿ.

“ಇವತ್ತು ಐಸ್ ಜಾಸ್ತಿ ಹಾಕೇ! ಮೀನಿಗೂ ಆಗ್ಬೇಕು, ನಿಮ್ಮಣ್ಣನ ತಲೆ ಮೇಲೆ ಇಡೋಕೂ ಆಗ್ಬೇಕು. ನಾನು ಹಿಡಿಯೋ ಮೀನು ನೋಡಿ ಅವನ ತಲೆ ಬಿಸಿಯಾಗುತ್ತೆ,” ಎಂದು ಗಂಡ ಕೂಗಿದ.

“ಅವನ ತಲೆ ತಣ್ಣಗೇ ಇದೆ. ನಿನ್ನ ಬಾಯಿಗೆ ಇಟ್ಕೋ,” ಎಂದೆ.

ಅಣ್ಣ ಅಪರೂಪಕ್ಕೆ ನಕ್ಕ. “ಬೇಗ ಕೊಟ್ಟು ಕಳ್ಸೇ. ಇವನ ಭಾಷಣ ಮುಗಿಯೋ ಹೊತ್ತಿಗೆ ಮೀನಿಗೆ ಮೊಮ್ಮಕ್ಕಳಾಗಿರ್ತವೆ.”

ಅವತ್ತು ಏಡಿಗಳು ನೀರು ಬಿಟ್ಟು ಬಂದರಿನ ಕಟ್ಟೆಯ ಕಲ್ಲಿನ ಮೇಲಕ್ಕೆ ಹತ್ತಿ ಕೂತಿದ್ದವು. ಒಂದರ ಮೇಲೊಂದು, ಕಪ್ಪಗೆ, ಕಟ್ಟೆಯ ಉದ್ದಕ್ಕೂ. ಜನ ಬಕೆಟ್ ತಂದು ತುಂಬಿಕೊಂಡರು. ಏಡಿಗಳು ತಾವೇ ನಡೆದುಕೊಂಡು ಅಡುಗೆಮನೆಗೆ ಬರುತ್ತಿವೆ ಎಂದು ನಾವೆಲ್ಲ ನಕ್ಕೆವು. ಉಸಿರುಕಟ್ಟಿದ ಜೀವಿ ಎಲ್ಲಿಗೆ ಬೇಕಾದರೂ ಓಡುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಸರ್ಕಾರವೇ ಸಮೃದ್ಧಿ ಎಂದಮೇಲೆ ಸಾವು ಎಂದು ಯಾರು ತಾನೇ ಓದಿಕೊಳ್ಳುತ್ತಾರೆ?

ನಮ್ಮ ಬಂದರಿನ ಎದುರು ಕಡಲಲ್ಲಿ ಒಂದು ಬಂಡೆಸಾಲಿದೆ. ಅದರ ಈಚೆಗೆ, ದಡಕ್ಕೆ ಒತ್ತಿಕೊಂಡು, ಒಂದು ಬೀದಿಯಷ್ಟು ಅಗಲದ ನೀರು. ಮೀನೆಲ್ಲ ಅಷ್ಟರಲ್ಲೇ ತುರುಕಿಕೊಂಡಿತ್ತು. ನಮ್ಮ ಬಂದರಿನ ದೋಣಿಗಳೆಲ್ಲ ಅಷ್ಟರೊಳಗೇ ನುಗ್ಗಿದವು. ನಮ್ಮಲ್ಲಿ ಒಂದು ಬಾಯಿಮಾತಿನ ಕಾನೂನಿದೆ: ಎರಡು ಬಲೆ ಸಿಕ್ಕಿಕೊಂಡರೆ ಹಿಂದೆ ಬಂದವನು ತನ್ನ ಬಲೆಯನ್ನು ಕತ್ತರಿಸಿಕೊಳ್ಳಬೇಕು. ಅಪ್ಪಂದಿರ ಕಾಲದಿಂದ ಅದರಲ್ಲೇ ಬದುಕಿದ್ದೇವೆ, ಅದರಿಂದ ಯಾರ ಮೂಗಿನಿಂದಲೂ ರಕ್ತ ಬಂದದ್ದಿಲ್ಲ. ಕಡಲು ಅಗಲವಾಗಿರುವಾಗ ಯಾರು ಮುಂದೆ, ಯಾರು ಹಿಂದೆ ಎಂಬುದು ಕುರುಡನಿಗೂ ಗೊತ್ತಾಗುತ್ತದೆ. ಒಂದು ಬೀದಿಯಷ್ಟು ನೀರಿಗೆ ಬಂದರಿಡೀ ಒಟ್ಟಿಗೆ ನುಗ್ಗಿದರೆ ಹಿಂದೆ ಬಂದವರು ಯಾರು? ಯಾರೂ ಇಲ್ಲ. ಎಲ್ಲರೂ ಮುಂದೆ ಬಂದವರೇ. ಬಲೆಯ ಮೇಲೆ ಬಲೆ ಬಿತ್ತು, ಹಗ್ಗಕ್ಕೆ ಹಗ್ಗ ಹೆಣೆದುಕೊಂಡಿತು, ಎಲ್ಲರೂ ಎಲ್ಲರಿಗೂ “ನೀನು ಕತ್ತರಿಸೋ” ಎಂದು ಕೂಗಿದರು. ಆಮೇಲೆ ಹುಟ್ಟುಗಳು ಎದ್ದವು. ಬಾಟಲಿಗಳು ಹಾರಿದವು. ಒಬ್ಬ ತನ್ನ ದೋಣಿಯನ್ನು ಬೇಕೆಂದೇ ಇನ್ನೊಬ್ಬನ ದೋಣಿಯ ಪಕ್ಕೆಗೆ ನುಗ್ಗಿಸಿದ. ಬಲೆ ಎಳೆಯುವ ಯಂತ್ರಕ್ಕೆ ಒಬ್ಬನ ಮುಂಗೈ ಸಿಕ್ಕಿತು. ಅದು ಮತ್ತೆ ಕೈಯಾಗಿ ಹೊರಗೆ ಬರಲಿಲ್ಲ.

ನನ್ನ ಗಂಡನ ಬಲೆಯೂ ಅಣ್ಣನ ಬಲೆಯೂ ಸಿಕ್ಕಿಕೊಂಡವು. ಆಗ ಗಂಡನ ದೋಣಿಯ ಚುಕ್ಕಾಣಿ ಹಿಡಿದಿದ್ದವನು ನನ್ನ ಮೈದುನ, ಅವನು ಕಂಡದ್ದನ್ನು ನ್ಯಾಯಾಲಯದಲ್ಲಿ ಹೇಳಿದ್ದಾನೆ. ಗಂಡ ಚಾಕು ಹಿಡಿದು ಅಣ್ಣನ ದೋಣಿಗೆ ಹಾರಿದ. “ಭಾವ, ನೀನು ಹಿಂದೆ ಬಂದಿದ್ದು. ಕತ್ತರಿಸು, ಇಲ್ಲ ನಾನೇ ಕತ್ತರಿಸ್ತೀನಿ,” ಎಂದ. ಅಣ್ಣ, “ಚಾಕು ಕೆಳಗಿಡು,” ಎಂದ. ಗಂಡ ಬಲೆಯತ್ತ ಬಾಗಿದ. ಅಣ್ಣನ ಕೈಯಲ್ಲಿ ದೊಡ್ಡ ಮೀನನ್ನು ಎಳೆದುಕೊಳ್ಳುವ ಉದ್ದನೆಯ ಕೊಕ್ಕೆ ಇತ್ತು. ಬೀಸಿದ. ಅದು ಕಿವಿಯ ಕೆಳಗೆ ಇಳಿದು ಕುತ್ತಿಗೆಯಲ್ಲಿ ಕೂತಿತು.

ಬಂಡೆಸಾಲಿಗೆ ಹತ್ತಿರದ ಕಟ್ಟೆ ನಮ್ಮ ಕಾರ್ಖಾನೆಯದೇ. ಕೊಂದವನೇ ಹೊತ್ತು ತಂದ. ಅಂಗಿ, ಗಡ್ಡ, ಹಲ್ಲು ಎಲ್ಲ ಕೆಂಪಾಗಿದ್ದ ನನ್ನ ಅಣ್ಣ, ಜೀವಮಾನದಲ್ಲಿ ದನಿ ಎತ್ತದವನು, “ಐಸ್ ಕೊಡೇ, ಐಸ್ ಕೊಡೇ” ಎಂದು ಕಿರುಚುತ್ತಿದ್ದ. ಐಸ್ ಒತ್ತಿದರೆ ರಕ್ತ ನಿಂತೀತೆಂದು ಅವನ ಎಣಿಕೆ. ನಾನು ಸುತ್ತಿಗೆ ಎತ್ತಿಕೊಂಡು ಒಡೆದೆ. ಎರಡೂ ಕೈಯಲ್ಲಿ ತುಂಬಿ ಆ ತೂತಿಗೆ ಒತ್ತಿದೆ. ಕೆಂಪಾಗುತ್ತಿತ್ತು, ಕರಗುತ್ತಿತ್ತು, ಮತ್ತೆ ಒಡೆದು ಮತ್ತೆ ಒತ್ತುತ್ತಿದ್ದೆ. ಊರಿಗೆಲ್ಲ ಕೇಳುತ್ತಿದ್ದ ಆ ಗಂಟಲಿನಿಂದ ಗುಳುಗುಳು ಎಂಬ ಸದ್ದಷ್ಟೇ ಬರುತ್ತಿತ್ತು, ಆಮೇಲೆ ಅದೂ ಇಲ್ಲ. ನನ್ನ ಬೆರಳುಗಳು ಮರಗಟ್ಟಿದ್ದವು, ಗಂಡನ ಮೈ ಯಾವಾಗ ತಣ್ಣಗಾಯಿತೆಂಬುದೇ ನನಗೆ ತಿಳಿಯಲಿಲ್ಲ.

ಹೆಣ ಎತ್ತಿದ ಮಾರನೆಯ ದಿನ ಆ ಬೀದಿಯಷ್ಟು ನೀರಿನ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿತು. ಯಾವ ಮೀನಿಗಾಗಿ ಕೈ ಹೋಯಿತೋ, ಕುತ್ತಿಗೆ ಹೋಯಿತೋ, ಅದೇ ಮೀನನ್ನು ನಗರಸಭೆಯವರು ಟ್ರ್ಯಾಕ್ಟರಿನಲ್ಲಿ ಬಾಚಿ ಗುಂಡಿಗೆ ಹಾಕಿದರು. ಊರು ನಾರಿತು. ನೀವು ಹೇಳಿಕೆ ಕೊಟ್ಟಿರಿ, ‘ಸ್ವಾಭಾವಿಕ ವಿದ್ಯಮಾನ’ ಎಂದು. ಹೊಡೆದಾಟದ ಬಗ್ಗೆ ಕೇಳಿದಾಗ ‘ಮೀನುಗಾರರ ದುರಾಸೆ ವಿಷಾದನೀಯ’ ಎಂದಿರಿ. ಪೊಲೀಸರು ‘ಕುಟುಂಬ ಕಲಹ’ ಎಂದು ಬರೆದುಕೊಂಡರು. ಒಂದು ಕೊಲೆಗೆ ಇಷ್ಟೊಂದು ಒಳ್ಳೊಳ್ಳೆಯ ಪದಗಳಿರುವಾಗ, ಒಂದು ಮುನ್ನೆಚ್ಚರಿಕೆಗೆ ಒಂದೇ ಒಂದು ಪದವೂ ನಿಮಗೆ ಸಿಗಲಿಲ್ಲವೆ?

ಇಷ್ಟಾದರೂ ಕಡಲೇ ಹಾಗೆ, ಯಾರನ್ನು ಬೈಯುವುದು ಎಂದು ಸುಮ್ಮನಿರುತ್ತಿದ್ದೆನೇನೋ. ಆದರೆ ಮಾನ್ಯರೇ, ಈ ವರ್ಷದ ಆರಂಭದಲ್ಲಿ ತಾವು ಊರಿನ ಗ್ರಂಥಾಲಯದಲ್ಲಿ ಉಪನ್ಯಾಸ ಕೊಟ್ಟಿರಿ. ಎಲ್ಲರಿಗೂ ಪ್ರವೇಶ ಉಚಿತ, ಚಹಾ ಬಿಸ್ಕತ್ತು ಉಂಟು ಎಂದು ಬಂದರಿನಲ್ಲೂ ಕಾಗದ ಹಚ್ಚಿದ್ದರು. ನಾನು ಬಂದೆ. ಹಿಂದಿನ ಸಾಲಿನಲ್ಲಿ ಕೂತಿದ್ದೆ. ತಾವು ಬಹಳ ಚೆನ್ನಾಗಿ ಮಾತಾಡಿದಿರಿ, ಇದು ವ್ಯಂಗ್ಯವಲ್ಲ. ದಡದಿಂದ ಬಹುದೂರದವರೆಗೆ ಆಳವಿಲ್ಲದ ಕಡಲು ಇರುತ್ತದೆ, ಆಮೇಲೆ ಅದು ಥಟ್ಟನೆ ಪಾತಾಳಕ್ಕಿಳಿಯುತ್ತದೆ ಎಂದಿರಿ. ಆ ಆಳವಿಲ್ಲದ ಭಾಗವನ್ನು ನಾವು ಜಗಲಿ ಎನ್ನುತ್ತೇವೆ. ನಮ್ಮ ಅನ್ನವೆಲ್ಲ ಆ ಜಗಲಿಯ ಮೇಲೆಯೇ. ಜಗಲಿಯ ಅಂಚಿನಲ್ಲಿ, ಸಾಗರದ ಕಡೆಗೆ, ದೊಡ್ಡದೊಂದು ಪ್ರವಾಹ ದಡಕ್ಕೆ ಸಮನಾಗಿ ಹರಿಯುತ್ತದೆ, ಲೋಕದ ನದಿಗಳೆಲ್ಲ ಸೇರಿದರೂ ಅದಕ್ಕೆ ಸಮವಲ್ಲ, ಅದರ ಹೆಸರು ಅಂಚಿನ ಪ್ರವಾಹ ಎಂದಿರಿ. ಅದು ಒಂದೇ ದಾರಿಯಲ್ಲಿ ಹೋಗುವುದಿಲ್ಲವಂತೆ. ಒಂದು ವರ್ಷ ಬಲ ಹೆಚ್ಚು, ಒಂದು ವರ್ಷ ಕಡಿಮೆ. ಕೆಲವು ವಾರ ದೂರ ಸರಿಯುತ್ತದೆ, ಕೆಲವು ವಾರ ಹಾವಿನ ಹಾಗೆ ಬಳುಕಿ ಜಗಲಿಯ ಅಂಚಿಗೇ ಮೈ ಉಜ್ಜುತ್ತದೆ. ಉಜ್ಜಿದಾಗ ಕೆಳಗಿನ ಕತ್ತಲೆಯ ನೀರು, ತಣ್ಣನೆಯದು, ಆಮ್ಲಜನಕವೇ ಇಲ್ಲದ್ದು, ನಮ್ಮ ಮಾತಿನಲ್ಲಿ ಉಸಿರಿಲ್ಲದ್ದು, ಮೆಟ್ಟಿಲು ಹತ್ತಿದಂತೆ ಜಗಲಿಯ ಮೇಲಕ್ಕೆ ಬರುತ್ತದೆ. ತಳದಲ್ಲಿ ಹರಡುತ್ತ ಹರಡುತ್ತ ದಡದ ಕಡೆ ಸಾಗುತ್ತದೆ. ಅದರ ಮುಂದೆ ಮೀನು ಓಡುತ್ತದೆ. ಓಡಿ ಓಡಿ ದಡಕ್ಕೆ ಒತ್ತಿಕೊಳ್ಳುತ್ತದೆ.

ಆಮೇಲೆ ಪರದೆಯ ಮೇಲೆ ಒಂದು ಚಿತ್ರ ಹಾಕಿದಿರಿ. ಹೋದ ವರ್ಷದ ಅದೇ ವಾರ. ಪ್ರವಾಹದ ಕೆಂಪು ಪಟ್ಟಿ ಜಗಲಿಗೆ ಅಂಟಿಕೊಂಡಿತ್ತು, ಆ ತಣ್ಣನೆಯ ನೀರಿನ ನೀಲಿ ನಾಲಿಗೆಯೊಂದು ನಮ್ಮ ಬಂಡೆಸಾಲಿನತ್ತ ಚಾಚಿತ್ತು. “ಎಷ್ಟು ಸುಂದರವಾದ ಉದಾಹರಣೆ ನೋಡಿ,” ಎಂದಿರಿ. ಸಭೆಯಲ್ಲಿ ಚಪ್ಪಾಳೆ. ಆ ನೀಲಿ ನಾಲಿಗೆಯ ತುದಿಯಲ್ಲಿ ನನ್ನ ಗಂಡನಿದ್ದ, ಮಾನ್ಯರೇ. ನಾನು ಎದ್ದು ನಿಂತೆ. ನೆನಪಿದೆಯೆ?

“ಸರ್, ಈ ಚಿತ್ರ ನಿಮಗೆ ಯಾವಾಗ ಸಿಕ್ತು?”

“ಉಪಗ್ರಹದ ಚಿತ್ರ ಅಮ್ಮಾ, ಆಗಲೇ ಸಿಗುತ್ತೆ. ಆ ವಾರವೇ ನೋಡಿದ್ವಿ. ನಮಗೆಲ್ಲ ಬಹಳ ಖುಷಿಯಾಯ್ತು.”

“ಮತ್ತೆ ಫಲಕದ ಮೇಲೆ ಯಾಕೆ ಹಾಕ್ಲಿಲ್ಲ?”

“ಅದು ಸಂಶೋಧನೆ ಅಮ್ಮಾ. ಪ್ರಕಟಣೆಯಲ್ಲಿ ಅದಕ್ಕೆ ಜಾಗ ಇಲ್ಲ.”

ಹೌದು ಸ್ವಾಮಿ. ಸತ್ತವರಿಗೆ ಜಾಗ ಸಿಗುತ್ತದೆ, ಹೇಗೋ ಮಣ್ಣು ಅಗೆಯುತ್ತಾರೆ. ನಿಮ್ಮ ಪ್ರಕಟಣೆಯಲ್ಲಿ ಮಾತ್ರ ಒಂದು ಸಾಲಿಗೆ ಜಾಗವಿಲ್ಲ. ಆ ದಿನ ನಾನು ಅರ್ಧ ಚಹಾ ಬಿಟ್ಟು ಹೊರಗೆ ಬಂದೆ.

ಮರುದಿನ ಮೊದಲ ಸಲ ಜೈಲಿಗೆ ಹೋದೆ. ಅಲ್ಲಿಯವರೆಗೆ ಅಣ್ಣನ ಮುಖ ನೋಡಿರಲಿಲ್ಲ. ಜಾಲರಿಯ ಆಚೆ ಅವನು ಕೂತಿದ್ದ, ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು. ಕಡಲಿನ ವಿಷಯ, ಉಸಿರಿಲ್ಲದ ನೀರಿನ ವಿಷಯ ಎಲ್ಲ ಹೇಳಿದೆ.

“ಮೀನು ಅಷ್ಟು ಹತ್ತಿರ ನಾನು ಯಾವತ್ತೂ ನೋಡಿರ್ಲಿಲ್ಲ ಕಣೇ,” ಎಂದ. “ಅದನ್ನು ಬಿಟ್ಟು ಬೇರೇನೂ ಕಾಣ್ಲಿಲ್ಲ. ಅವನ ಮುಖಾನೂ ಕಾಣ್ಲಿಲ್ಲ.”

“ನಿನ್ನ ಕೈಗೆ ಹುಳ ಬೀಳ್ಲಿ,” ಎಂದೆ.

“ಬೀಳ್ಲಿ,” ಎಂದ.

ಆದ್ದರಿಂದ ನನ್ನನ್ನು ತಪ್ಪು ತಿಳಿಯಬೇಡಿ. ಅಣ್ಣನನ್ನು ಬಿಡಿಸಿ ಎಂದು ನಾನು ಕೇಳುತ್ತಿಲ್ಲ. ಅವನನ್ನು ಕ್ಷಮಿಸಿಲ್ಲ, ಕ್ಷಮಿಸುತ್ತೇನೋ ಇಲ್ಲವೋ ಅದು ನನ್ನ ಅವನ ನಡುವಿನ ಮಾತು. ಕೊಕ್ಕೆ ಬೀಸಿದ ಕೈ ಅವನದು, ಜೈಲಿನಲ್ಲಿದೆ, ಇರಲಿ. ಪ್ರವಾಹ ಬಳುಕಿದ್ದು ನಿಮ್ಮ ತಪ್ಪೆಂದೂ ನಾನು ಹೇಳುವುದಿಲ್ಲ. ಅದು ನಿಮ್ಮ ಅಪ್ಪನ ಮಾತನ್ನೂ ಕೇಳುವುದಿಲ್ಲ, ನನ್ನ ಅಪ್ಪನ ಮಾತನ್ನೂ ಕೇಳುವುದಿಲ್ಲ. ಆದರೆ ಅದು ಬಳುಕಿದ್ದನ್ನು ನೀವು ಕಂಡಿರಿ. ಕಂಡು ಖುಷಿಪಟ್ಟಿರಿ. ಆಮೇಲೆ ಮಹಡಿ ಇಳಿದು ಬಂದು, ಹಸಿದ ಒಂದು ಬಂದರಿಗೆ, ‘ಇಲ್ಲಿದೆ, ಇಲ್ಲೇ ಇದೆ, ಎಲ್ಲರೂ ಬನ್ನಿ’ ಎಂದು ಬರೆದಿರಿ. ಅವತ್ತು ಅಲ್ಲಿದ್ದ ನೀರು ಉಸಿರಿಲ್ಲದ್ದು, ಈ ಮೀನು ನಾಳೆ ಹೆಣ, ಅದಕ್ಕಾಗಿ ಹೊಡೆದಾಡಬೇಡಿ ಎಂದು ಒಂದು ಸಾಲು ಇದ್ದಿದ್ದರೆ ಅರ್ಧ ಬಂದರು ಹೊರಡುತ್ತಲೇ ಇರಲಿಲ್ಲ. ಹೊರಟವರಿಗೂ ಬಲೆ ಹೋದರೆ ಹೋಗಲಿ ಎನ್ನುವಷ್ಟು ಬುದ್ಧಿ ಇರುತ್ತಿತ್ತು. ನನ್ನ ಗಂಡ ಕೂಗುಮಾರಿಯಾಗಿದ್ದ, ಮೂರ್ಖನಾಗಿರಲಿಲ್ಲ.

ಈಗ ನಿನ್ನೆಯ ವಿಷಯ. ನಿಮ್ಮ ಸ್ವಾಗತ ಕೋಣೆಯ ಗೋಡೆಯ ಮೇಲೆ ದೊಡ್ಡ ಟಿವಿ ಇದೆ. ಬಂದವರು ನೋಡಿ ಮೆಚ್ಚಲಿ ಎಂದು ಅದರಲ್ಲಿ ಕಡಲಿನ ಅಂದಂದಿನ ಚಿತ್ರ ಹಾಕುತ್ತೀರಿ. ನಾನು ನೋಡಿದೆ. ಕೆಂಪು ಪಟ್ಟಿ ಮತ್ತೆ ಜಗಲಿಗೆ ಅಂಟಿಕೊಂಡಿದೆ. ನೀಲಿ ನಾಲಿಗೆ ಮತ್ತೆ ಚಾಚಿದೆ. ಅದರ ಪಕ್ಕದಲ್ಲೇ, ಗಾಜಿನ ಹಿಂದೆ, ‘ಸಮೃದ್ಧಿ’. ಎರಡನ್ನೂ ತೋರಿಸಿ ನಿಮ್ಮ ಗುಮಾಸ್ತರನ್ನು ಕೇಳಿದೆ.

“ಅದು ಸಂಶೋಧನಾ ವಿಭಾಗದ್ದು. ಇದು ಪ್ರಕಟಣಾ ವಿಭಾಗದ್ದು,” ಎಂದರು.

“ಸಂಶೋಧನಾ ವಿಭಾಗ ಎಲ್ಲಿದೆ?”

“ಮೇಲೆ. ಮೊದಲ್ನೇ ಮಹಡಿ.”

“ನೀವು ಮೇಲೆ ಹೋಗೋದೇ ಇಲ್ವಾ?”

“ಊಟಕ್ಕೆ ಹೋಗ್ತೀವಿ. ಕ್ಯಾಂಟೀನ್ ಅಲ್ಲೇ ಇರೋದು.”

ಅಳಿಯ ಅಲ್ಲ, ಮಗಳ ಗಂಡ ಎಂಬ ಮಾತನ್ನು ಕೇಳಿದ್ದೆ, ಅದಕ್ಕೊಂದು ಕಟ್ಟಡ ಕಟ್ಟಿಸಿದ್ದಾರೆಂದು ಗೊತ್ತಿರಲಿಲ್ಲ. ಒಂದೇ ಕಡಲನ್ನು ಮೇಲಿನವರು ನೋಡುತ್ತಾರೆ, ಕೆಳಗಿನವರು ಬರೆಯುತ್ತಾರೆ, ನಡುವೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಗಾಜು ಒಡೆದದ್ದು ಈ ಮಾತಾದ ಮೇಲೆ.

ಗಾಳಿ ನಿಲ್ಲುವುದು ನಾಡಿದ್ದು. ನಾಡಿದ್ದು ಬಂದರಿನ ದೋಣಿಗಳೆಲ್ಲ ಅದೇ ಬೀದಿಯಷ್ಟು ನೀರಿಗೆ ನುಗ್ಗುತ್ತವೆ. ಗಂಡನ ದೋಣಿ ಈಗ ಮೈದುನನ ಕೈಯಲ್ಲಿದೆ. ಅಣ್ಣನ ದೋಣಿ ಅಣ್ಣನ ಮಗನ ಕೈಯಲ್ಲಿದೆ, ಅವನಿಗೂ ಮದುವೆಯಾಗಿ ಒಂದು ಮಗುವಿದೆ. ಒಂದು ವರ್ಷದಿಂದ ಇಬ್ಬರೂ ಮಾತಾಡಿಲ್ಲ. ಎದುರಾದರೆ ಉಗುಳುತ್ತಾರೆ. ನಿನ್ನೆ ಸಂಜೆ ಮೈದುನ ಹಿತ್ತಲಲ್ಲಿ ಕೂತು ಕೊಕ್ಕೆ ಮಸೆಯುತ್ತಿದ್ದ. ಯಾಕಪ್ಪಾ ಎಂದರೆ, “ಮೀನಿಗೆ ಅತ್ತಿಗೆ,” ಎಂದ. ಕಣ್ಣು ಎತ್ತಲಿಲ್ಲ. ಮೀನಿನ ಕೊಕ್ಕೆಯನ್ನು ಯಾರೂ ಅಷ್ಟು ಮಸೆಯುವುದಿಲ್ಲ. ನೀವು ಹೇಳಿದ್ದನ್ನು ನಾನು ಅವನಿಗೆ ಹೇಳಿದೆ, ಉಸಿರಿಲ್ಲದ ನೀರಿನ ಕಥೆಯನ್ನೆಲ್ಲ. “ಸರ್ಕಾರ ಹೇಳ್ತಾ ಇಲ್ವಲ್ಲ ಅತ್ತಿಗೆ, ನೀವು ಹೇಳ್ತಾ ಇದ್ದೀರ,” ಎಂದ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ಗಂಡ ಸತ್ತು ತಲೆ ಕೆಟ್ಟವಳ ಮಾತಿಗೂ ಸರ್ಕಾರಿ ಫಲಕಕ್ಕೂ ಪಂದ್ಯ ಕಟ್ಟಿದರೆ ಗೆಲ್ಲುವುದು ಫಲಕವೇ.

ಹಾಗಾಗಿ ಇವತ್ತು ಬೆಳಗ್ಗೆ, ಎಲ್ಲರೂ ಚಹಾದಂಗಡಿಯಲ್ಲಿದ್ದಾಗ, ನಾನು ಬಂದರಿಗೆ ಹೋಗಿ ಆ ಎರಡು ದೋಣಿಗಳ ಬಲೆಯನ್ನು ಉದ್ದಕ್ಕೂ ಸೀಳಿದೆ. ಮೊದಲು ಗಂಡನ ಬಲೆ, ಆಮೇಲೆ ಅಣ್ಣನದು. ಸಿಟ್ಟಿನಲ್ಲಲ್ಲ, ಚೆನ್ನಾಗಿ ಯೋಚಿಸಿಯೇ. ಪೊಲೀಸರಿಗೆ ಇದನ್ನೂ ಹೇಳಿ, ಎರಡು ದೂರು ಒಂದೇ ಕಾಗದದಲ್ಲಿ ಮುಗಿಯುತ್ತದೆ. ಮೈದುನ ಓಡಿಬಂದು ಬಲೆ ನೋಡಿದ, ನನ್ನ ಕೈ ನೋಡಿದ, ಕಪಾಳಕ್ಕೆ ಬಾರಿಸಿದ. ತುಟಿ ಒಡೆಯಿತು. ಅಷ್ಟರಲ್ಲಿ ಅಣ್ಣನ ಮಗ, “ನಮ್ಮತ್ತೆ ಮೇಲೆ ಕೈ ಮಾಡ್ತೀಯೇನೋ,” ಎಂದು ಹಾರಿದ. ಇಬ್ಬರೂ ಕಟ್ಟೆಯ ಮೇಲೆ ಬಿದ್ದು ಹೊರಳಾಡಿದರು. ಒಬ್ಬನ ಹಲ್ಲು ಹೋಯಿತು, ಇನ್ನೊಬ್ಬನ ಹುಬ್ಬು ಸೀಳಿತು. ನಾನು ಬಿಡಿಸಲಿಲ್ಲ. ಬಾಯಲ್ಲಿ ರಕ್ತ ತುಂಬಿಕೊಂಡು ನಿಂತು ನೋಡಿದೆ. ಬರಿಗೈ, ಒಣ ನೆಲ, ಸುತ್ತ ಹತ್ತು ಜನ. ಹೊಡೆದುಕೊಳ್ಳಲಿ ಎನ್ನಿಸಿತು. ಇಬ್ಬರೂ ಉಸಿರಾಡುತ್ತಿದ್ದರು.

ಆ ಬಲೆಗಳನ್ನು ಹೊಲಿಯಲು ಒಂದು ವಾರ ಬೇಕು. ಅಷ್ಟರಲ್ಲಿ ನೀಲಿ ನಾಲಿಗೆ ಬಂದು ಹೋಗಿರುತ್ತದೆ. ನನ್ನ ಮನೆಯ ಇಬ್ಬರನ್ನು ನಾನು ದಡದಲ್ಲಿ ಕಟ್ಟಿಹಾಕಿದ್ದೇನೆ.

ಈ ಪತ್ರ ನಾಳೆ ಅಚ್ಚಾಗುತ್ತದೆ. ನನಗೆ ಪರಿಹಾರ ಬೇಡ, ಸಮಿತಿ ಬೇಡ, ನಿಮ್ಮ ವಿಷಾದ ಬೇಡ. ನಾಳೆ ಊಟಕ್ಕೆ ಮಹಡಿ ಹತ್ತಿದಾಗ ಮೇಲಿನವರನ್ನು ಒಂದು ಮಾತು ಕೇಳಿ, ಕೆಳಗೆ ಬಂದು ‘ಸಮೃದ್ಧಿ’ಯನ್ನು ಅಳಿಸಿ, ‘ಉಸಿರಿಲ್ಲದ ನೀರು, ಯಾರೂ ಹೋಗಬೇಡಿ’ ಎಂದು ಬರೆಯಿರಿ. ಇಷ್ಟೇ ನನ್ನ ಬೇಡಿಕೆ. ನಾಡಿದ್ದು ಬೆಳಗ್ಗೆ ಉಳಿದ ದೋಣಿಗಳೆಲ್ಲ ಹೊರಡುತ್ತವೆ, ಅವರ ಮನೆಗಳಲ್ಲೂ ಅಣ್ಣತಮ್ಮಂದಿರು, ಭಾವಮೈದುನರು ಬೇರೆ ಬೇರೆ ದೋಣಿಗಳಲ್ಲಿದ್ದಾರೆ. ಅಷ್ಟೂ ಬಲೆ ಸೀಳಲು ನನಗೆ ಕೈ ಸಾಲದು. ನಿಮಗೆ ಒಂದು ಸಾಲು ಸಾಕು.

ಇಂತಿ,
ಸತ್ತವನ ಹೆಂಡತಿ, ಕೊಂದವನ ತಂಗಿ,
ಪೊಲೀಸರು ಬರುವವರೆಗೆ ಐಸ್ ಕಾರ್ಖಾನೆಯಲ್ಲೇ ಸಿಗುವವಳು